ಸುಮ್ಮನೆ ನಿಂತು ನೋಡುವವರು

ಕಳೆದ ವಾರ ಬಸವನಗುಡಿಯ ನಮ್ಮ ಅಡ್ಡರಸ್ತೆಯಲ್ಲಿ ನೀರಿನ ಪೈಪು ಒಡೆದು, ಜೆಸಿಬಿ ಬಂದು ನೆಲ ಅಗೆಯತೊಡಗಿದಾಗ ಹತ್ತು ಹದಿನೈದು ಮಂದಿ ಸುತ್ತ ಸೇರಿದ್ದರು: ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ ಹಿರಿಯರೊಬ್ಬರು, ಹೆಲ್ಮೆಟ್ ತೆಗೆಯದೆ ಗಾಡಿಯ ಮೇಲೆಯೇ ಕುಳಿತಿದ್ದ ಡೆಲಿವರಿ ಹುಡುಗ, ದಂಟಿನ ಸೊಪ್ಪಿನ ಕಟ್ಟು ಹಿಡಿದ ನಾನು. ಯಾರಿಗೂ ಅಲ್ಲಿ ಕೆಲಸವಿರಲಿಲ್ಲ, ಯಾರೂ ಹೊರಡಲೂ ಇಲ್ಲ. ಇಂಥವರಿಗೆ ಕನ್ನಡದಲ್ಲಿ ಏನು ಹೆಸರು ಎಂಬ ಪ್ರಶ್ನೆ ಸೊಪ್ಪು ಬಾಡುವವರೆಗೂ ನನ್ನನ್ನು ಅಲ್ಲೇ ನಿಲ್ಲಿಸಿತು.

ಪ್ರೇಕ್ಷಕರು ಎನ್ನಲಾಗದು. ರವೀಂದ್ರ ಕಲಾಕ್ಷೇತ್ರದ ಕುರ್ಚಿಯಲ್ಲಿ ಕುಳಿತವನು ಪ್ರೇಕ್ಷಕ, ನಾಟಕ ನಡೆಯುವುದೇ ಅವನಿಗಾಗಿ. ಜೆಸಿಬಿ ನಮಗಾಗಿ ಅಗೆಯುತ್ತಿರಲಿಲ್ಲ. ವೀಕ್ಷಕ ಎಂಬುದಕ್ಕೆ, ಧಾತು ಅದೇ ಆದರೂ, ಯಾರೋ ನೇಮಿಸಿ ಕಳುಹಿಸಿದ ಗತ್ತು ಇದೆ. ಚುನಾವಣಾ ಆಯೋಗದಿಂದ ಬರುವವರು ವೀಕ್ಷಕರು. (ಟಿವಿಯವರು ಮನೆಯಲ್ಲಿ ಕುಳಿತವರನ್ನೆಲ್ಲ "ವೀಕ್ಷಕರೇ" ಎಂದು ಕರೆದು ಆ ಗತ್ತನ್ನು ಅಗ್ಗವಾಗಿಸಿದ್ದಾರೆ.) ತಟಸ್ಥ ಎಂದರೆ ದಡದಲ್ಲಿ ನಿಂತವನು, ಆದರೆ ತಟಸ್ಥನಾಗಲು ಎದುರಿಗೆ ಎರಡು ಪಕ್ಷಗಳು ಬೇಕು. ಕುರುಕ್ಷೇತ್ರ ಯುದ್ಧದ ಕಾಲದಲ್ಲಿ ತೀರ್ಥಯಾತ್ರೆಗೆ ಹೊರಟ ಬಲರಾಮ ತಟಸ್ಥ. ಅವನು ಕೊನೆಯ ಗದಾಯುದ್ಧದ ಹೊತ್ತಿಗೆ ಬಂದನೇ ಹೊರತು ಉಳಿದದ್ದನ್ನು ನೋಡಲೇ ಇಲ್ಲ.

ಸಾಕ್ಷಿ ಇವೆಲ್ಲಕ್ಕಿಂತ ತೂಕದ ಪದ. ಪಾಣಿನಿ ಅದನ್ನು "ಸಾಕ್ಷಾತ್" ಎಂಬುದರಿಂದ ಸಾಧಿಸುತ್ತಾನೆ: ಕಣ್ಣಾರೆ ಕಂಡವನು ಸಾಕ್ಷಿ. ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಎರಡು ಹಕ್ಕಿಗಳಿವೆ, ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತಿರುತ್ತದೆ. ವೇದಾಂತಿಗಳು ಗೌರವದಿಂದ ಸಾಕ್ಷಿ ಎನ್ನುವುದು ಆ ಎರಡನೆಯ ಹಕ್ಕಿಯನ್ನು. ನಮ್ಮ ರಸ್ತೆಗಳಲ್ಲಾದರೋ ಆ ಪದಕ್ಕೆ ಠಾಣೆ ಮತ್ತು ಕೋರ್ಟಿನ ವಾಸನೆ ಅಂಟಿದೆ. ಅಪಘಾತದಲ್ಲಿ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಡಲೆಂದು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 134ಎ ಕಲಮನ್ನು ಸೇರಿಸಿದ ಮೇಲೂ, ಮಹಜರಿಗೆ ಸಹಿ ಹಾಕಬೇಕಾದೀತು ಎಂದು ಯಾರಾದರೂ ಅಂದರೆ ಗುಂಪು ಕರಗುತ್ತದೆ. ಇನ್ನು ಮೂಕಪ್ರೇಕ್ಷಕ ಪತ್ರಿಕೆಗಳ ಬೈಗುಳ. ತನ್ನನ್ನು ತಾನೇ ಹಾಗೆ ಕರೆದುಕೊಳ್ಳುವವರು ಅಪರೂಪ.

ಹಾಗಾಗಿ ನಾವು ನಾಮಪದದ ಹಂಗಿಲ್ಲದೆ "ಸುಮ್ಮನೆ ನೋಡ್ತಾ ನಿಂತಿದ್ದರು" ಎನ್ನುತ್ತೇವೆ. ಸುಮ್ಮನಿರು ಎಂದರೆ ಬಾಯಿ ಮುಚ್ಚಿಕೊಂಡಿರು, ಸುಮ್ಮನೆ ಬಂದೆ ಎಂದರೆ ಕಾರಣವಿಲ್ಲದೆ ಬಂದೆ. ಮೌನವನ್ನೂ ನಿಷ್ಕಾರಣವನ್ನೂ ಒಟ್ಟಿಗೆ ಹಿಡಿದಿರುವ ಆ ಪದದಲ್ಲಿ ದೂಷಣೆಯೂ ಇಲ್ಲ, ಹೊಗಳಿಕೆಯೂ ಇಲ್ಲ.

ಆದರೆ "ನೋಡು" ಎಂಬ ಕ್ರಿಯಾಪದ ಹೆಚ್ಚು ಹೊತ್ತು ಸುಮ್ಮನಿರುವುದಿಲ್ಲ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬಲ್ಲಿ ಅದು ಪೂರ್ತಿ ಕೆಲಸಕ್ಕೆ ಇಳಿದುಬಿಟ್ಟಿದೆ. "ಕೊಳ್ಳು" ಸೇರಿ "ನೋಡಿಕೊಳ್ಳು" ಆದರೆ ನೋಟವೇ ಆರೈಕೆ. ಸುಮ್ಮನೆ ನಿಂತು ನೋಡುವವರಿಗೆ ಇಂಗ್ಲಿಷಿನಲ್ಲಿರುವ ಹೆಸರು ಬೈಸ್ಟ್ಯಾಂಡರ್. ಕೇರಳದ ಆಸ್ಪತ್ರೆಗಳಲ್ಲಿ ರೋಗಿಯ ಜೊತೆಗಿರುವವರನ್ನು ಅದೇ ಹೆಸರಿನಿಂದ ಕರೆಯುವ ರೂಢಿಯಿದೆ. ಅಮ್ಮನನ್ನು ಇಲ್ಲಿ ದಾಖಲಿಸಿದ್ದಾಗ ಅಲ್ಲಿಂದ ಬಂದಿದ್ದ ನರ್ಸ್ ರಾತ್ರಿ ಎರಡು ಗಂಟೆಗೆ "ಬೈಸ್ಟ್ಯಾಂಡರ್ ಯಾರು?" ಎಂದು ಕೇಳಿದಾಗ ನನಗೆ ಅರ್ಥವಾಗಲಿಲ್ಲ. ಪಕ್ಕದ ಹಾಸಿಗೆಯ ಅಜ್ಜಿ ಮಲಗಿದ್ದಲ್ಲಿಂದಲೇ ವಿವರಿಸಿದರು: "ನೋಡ್ಕೊಳ್ಳೋರು ಯಾರು ಅಂತ ಕೇಳ್ತಿದಾರಪ್ಪ."

ನಮ್ಮ ಅಡ್ಡರಸ್ತೆಯಲ್ಲಿ ಗುಂಡಿ ಮುಚ್ಚಿ ಮುಗಿದ ಮೇಲೆ ಜೆಸಿಬಿಯ ಚಾಲಕ ತಲೆ ಹೊರಗೆ ಹಾಕಿ, ಕೈ ಕಟ್ಟಿ ನಿಂತಿದ್ದ ಹಿರಿಯರಿಗೆ, "ಸಾರ್, ಹಿಂದೆ ಸ್ವಲ್ಪ ನೋಡಿ" ಎಂದ. ಅವರು ಕಟ್ಟಿದ ಕೈ ಬಿಚ್ಚಿ ರಸ್ತೆಯ ನಡುವೆ ಹೋಗಿ ನಿಂತು, ನಿಲ್ಲಿಸಿದ್ದ ಸ್ಕೂಟರೊಂದನ್ನು ಪಕ್ಕಕ್ಕೆ ತಳ್ಳಿಸಿ, "ಬರ್ಲಿ, ಬರ್ಲಿ" ಎಂದು ಕೂಗತೊಡಗಿದರು.