ಭಾರತ–ಚೀನಾ ಮರದ ಆಮದು: ಹೋಲಿಕೆ ಎಲ್ಲೆಲ್ಲಿ ಕೈಕೊಡುತ್ತದೆ

ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ಗಳಲ್ಲಿ ಮರ ಕೊಳ್ಳುವವರ ಪ್ರಶ್ನೆ ಒಂದೇ: ಚೀನಾ ಎಷ್ಟು ಎತ್ತುತ್ತಿದೆ, ನಮಗೆಷ್ಟು ಬರುತ್ತಿದೆ? ಎಚ್‌ಎಸ್ (ದೇಶ ದೇಶಗಳ ಕಸ್ಟಮ್ಸ್ ಬಳಸುವ ಸರಕಿನ ಕೋಡ್ ಪಟ್ಟಿ) 44ನೇ ಅಧ್ಯಾಯದ ಒಟ್ಟು ಡಾಲರ್ ತೆಗೆದು ಗ್ರಾಫಿನಲ್ಲಿ ಎರಡು ಗೆರೆ ಎಳೆದುಕೊಟ್ಟರೆ ಅದರಿಂದ ಖರೀದಿಗೆ ಕವಡೆಯಷ್ಟೂ ಉಪಯೋಗವಿಲ್ಲ. ಆ ಅಧ್ಯಾಯದಲ್ಲಿ ದಿಮ್ಮಿ (4403), ಕೊಯ್ದ ಮರ (4407), ಪ್ಲೈವುಡ್ (4412) ಅಲ್ಲದೆ ಕಾಗದದ ಗಿರಣಿಗೆ ಹೋಗುವ ಚಿಪ್ಸ್ ಕೂಡ (4401) ಇದೆ. ಚೀನಾ ತರಿಸುವ ಚಿಪ್ಸ್ ಸಣ್ಣ ಮೊತ್ತವಲ್ಲ. ಬಾಗಿಲು–ಚೌಕಟ್ಟಿನ ಮರದ ಲೆಕ್ಕಕ್ಕೆ ಅದನ್ನು ಮೊದಲೇ ಹೊರಗಿಡಿ. ಪೀಠೋಪಕರಣ 94ರಲ್ಲಿದೆ, ಕಾಗದಕ್ಕೆ ಬಳಸುವ ಮರದ ತಿರುಳು (ಪಲ್ಪ್) 47ರಲ್ಲಿ.

ಕೋಡ್‌ಗಳು ಆಗಾಗ ಬದಲಾಗುತ್ತವೆ. 2017ರಲ್ಲಿ ಪೈನ್‌ನಂಥ ಮರಗಳ ದಿಮ್ಮಿಯ 4403.20 ಒಡೆದು 4403.21ರಿಂದ 26ರವರೆಗೆ ಆರಾಯಿತು. ಹಳೆಯದನ್ನೇ ಹಾಕಿದರೆ ಆ ವರ್ಷದಿಂದ ಪೈನ್ ದಿಮ್ಮಿ ಬರುವುದೇ ನಿಂತಂತೆ ಕಾಣುತ್ತದೆ. ತೇಗಕ್ಕೆ ಆರು ಅಂಕಿಯ ಪ್ರತ್ಯೇಕ ಕೋಡ್ ಸಿಕ್ಕಿದ್ದು 2022ರಲ್ಲಿ: ದಿಮ್ಮಿಗೆ 4403.42, ಕೊಯ್ದದ್ದಕ್ಕೆ 4407.23. ಅದಕ್ಕೂ ಹಿಂದಿನದು ಬೇಕಿದ್ದರೆ ಆಯಾ ದೇಶದ 8 ಅಂಕಿ ಕೋಡ್‌ಗೇ ಇಳಿಯಬೇಕು. ಇನ್ನು ವರ್ಷ: ನಮ್ಮದು ಏಪ್ರಿಲ್–ಮಾರ್ಚ್, ಅವರದು ಜನವರಿ–ಡಿಸೆಂಬರ್. ತಿಂಗಳ ಅಂಕಿ ಇಳಿಸಿಕೊಂಡು ಕೂಡಿಸಿ.

ಹೆಚ್ಚು ಸಮಯ ತಿನ್ನುವುದು ಪ್ರಮಾಣ. ಒಂದು ಕಡೆ ಕಿಲೋ, ಇನ್ನೊಂದು ಕಡೆ ಘನ ಮೀಟರ್. ವಿಶ್ವಸಂಸ್ಥೆಯ ವ್ಯಾಪಾರ ಅಂಕಿಅಂಶಗಳ ಕೋಶವಾದ ಯುಎನ್ ಕಾಮ್‌ಟ್ರೇಡ್‌ನಲ್ಲಿ ಕೆಲವು ಪ್ರಮಾಣಗಳು ಅಂದಾಜಿನವು. ಆ ಗುರುತಿನ ಕಾಲಂ ನೋಡದೆ ಮುಂದೆ ಹೋಗಬೇಡಿ. ಪ್ರತಿ ತಿಂಗಳ ಮೌಲ್ಯವನ್ನು ಘನ ಮೀಟರಿನಿಂದ ಭಾಗಿಸಿ ನೋಡಿ. ದರ ಒಮ್ಮೆಲೇ ಐದು ಪಟ್ಟು ಹಾರಿದ್ದರೆ ಮಾರುಕಟ್ಟೆಗಿಂತ ಮೊದಲು ಯೂನಿಟ್ಟನ್ನು ಅನುಮಾನಿಸಿ. ತೇಗದಲ್ಲಿ ಹಾಪಸ್ ಅಳತೆಯ (ಸುತ್ತಳತೆಯಿಂದ ದಿಮ್ಮಿಯ ಗಾತ್ರ ಲೆಕ್ಕ ಹಾಕುವ ಹಳೆಯ ವಿಧಾನ) ಕಾಟ ಬೇರೆ. ಸುತ್ತಳತೆ 1.2 ಮೀಟರ್, ಉದ್ದ 5 ಮೀಟರ್ ಇರುವ ದಿಮ್ಮಿ ತಗೊಳ್ಳಿ. ಸುತ್ತಳತೆಯ ಕಾಲುಭಾಗ 0.3, ಅದರ ವರ್ಗವನ್ನು ಉದ್ದದಿಂದ ಗುಣಿಸಿದರೆ ಹಾಪಸ್‌ನಲ್ಲಿ 0.45 ಘನ ಮೀಟರ್. ನಿಜವಾದ ಗಾತ್ರ 0.573. ಯಾರ್ಡ್ ಭಾಷೆಯಲ್ಲಿ ಹೇಳಿದರೆ ಸುಮಾರು 16 ಸಿಎಫ್‌ಟಿ (ಘನ ಅಡಿ) ಮತ್ತು 20 ಸಿಎಫ್‌ಟಿ. ಅದೇ ದಿಮ್ಮಿ, ಶೇ 21ಕ್ಕೂ ಹೆಚ್ಚು ವ್ಯತ್ಯಾಸ! ಬಿಲ್ಲು ಯಾವ ಅಳತೆಯದು ಎಂದು ಕೇಳದೆ ಕಸ್ಟಮ್ಸ್ ಅಂಕಿಗೆ ತಾಳೆ ಹಾಕಿದರೆ ಇಲ್ಲದ ಕಳ್ಳಸಾಗಣೆ ಕಾಣಿಸುತ್ತದೆ.

ರೂಪಾಯಿ ಸರಣಿ ಬೇಡ. 2013ರ ಆಗಸ್ಟಿನಲ್ಲಿ ಡಾಲರ್ 68 ರೂಪಾಯಿ ದಾಟಿದಾಗ ಒಂದು ತುಂಡು ಮರ ಹೆಚ್ಚು ಬರದಿದ್ದರೂ ಗೆರೆ ಏರುತ್ತಿತ್ತು.

ಗ್ರಾಫಿನ ಮೇಲೆ ಮೊದಲೇ ಗುರುತು ಹಾಕಬೇಕಾದ ದಿನಗಳಿವೆ. 1998ರಿಂದ ಚೀನಾ ತನ್ನ ನೈಸರ್ಗಿಕ ಕಾಡಿನ ಕಡಿತಕ್ಕೆ ಕಡಿವಾಣ ಹಾಕಿತು, ಮರುವರ್ಷ ದಿಮ್ಮಿಯ ಆಮದು ಸುಂಕ ತೆಗೆಯಿತು. 2014ರ ಏಪ್ರಿಲ್ 1ರಿಂದ ಮ್ಯಾನ್ಮಾರ್ ದಿಮ್ಮಿ ರಫ್ತು ನಿಷೇಧಿಸಿತು. 2022ರ ಜನವರಿಯಿಂದ ರಷ್ಯಾ ಪೈನ್, ಸ್ಪ್ರೂಸ್‌ನಂಥ ದಿಮ್ಮಿಗಳ ರಫ್ತು ತಡೆಯಿತು. ನಿಷೇಧ ಬಿದ್ದದ್ದು ದಿಮ್ಮಿಗೆ. ಕೊಯ್ದ ಮರಕ್ಕೆ ದಾರಿ ಇದ್ದೇ ಇತ್ತು. ಹಾಗಾಗಿ 4403 ಒಂದನ್ನೇ ನೋಡಿ ‘ಬೇಡಿಕೆ ಬಿತ್ತು’ ಎಂದು ಬರೆದ ವರದಿಯನ್ನು ನಾನಂತೂ ವಾಪಸ್ ಕಳಿಸುತ್ತೇನೆ. ಕೊಯ್ದ ಮರವನ್ನು ಸುಮಾರು 1.8ರಿಂದ, ಪ್ಲೈವುಡ್ಡನ್ನು ಸುಮಾರು 2.3ರಿಂದ ಗುಣಿಸಿ ದಿಮ್ಮಿಯ ಲೆಕ್ಕಕ್ಕೆ ತಂದು, ಆಮೇಲೆ ಕೂಡಿಸಿ. ಮರದ ಜಾತಿ, ಗಿರಣಿ ನೋಡಿಕೊಂಡು ಈ ಗುಣಕ ಬದಲಾಗುತ್ತದೆ. ಬಳಸಿದ್ದು ಎಷ್ಟು ಎಂದು ಗ್ರಾಫಿನ ಕೆಳಗೇ ಬರೆದುಬಿಡಿ.