ಸೆಕಿಯಲ್ಲಿ ಕತ್ತಿಗೆ ಗ್ರೂವ್ ಹಾಕೋದು ನೋಡಿದ್ದು

ಕತ್ತಿಯ ಅಲಗಿನ ಮೇಲೆ ಬೆನ್ನಿನ ಪಕ್ಕದಲ್ಲಿ ಉದ್ದಕ್ಕೆ ಒಂದು ಗ್ರೂವ್, ಅಂದರೆ ಕಾಲುವೆಯಂಥ ತೋಡು, ಇರುತ್ತದಲ್ಲ, ಅದು ರಕ್ತ ಹರಿದು ಹೋಗಲಿ ಅಂತ ಮಾಡಿದ್ದು ಎಂದೇ ನಾವೆಲ್ಲ ಕೇಳಿಕೊಂಡು ಬಂದಿದ್ದೇವೆ. ಅದು ಬರೀ ಕಟ್ಟುಕಥೆ. ಗ್ರೂವ್ ಇರೋದು ಭಾರ ಇಳಿಸೋಕೆ. ಗ್ರೂವ್ ಹಾಕಿದರೆ ಅಲಗು ಇನ್ನೂ ಗಟ್ಟಿಯಾಗುತ್ತದೆ ಅನ್ನೋ ಮಾತೂ ಸರಿಯಲ್ಲ. ಲೋಹ ತೆಗೆದರೆ ಗಟ್ಟಿ ಹೇಗೆ ಜಾಸ್ತಿಯಾಗುತ್ತೆ? ತೂಕ ಸಾಕಷ್ಟು ಇಳಿಯುತ್ತದೆ, ಗಟ್ಟಿತನ ಸ್ವಲ್ಪ ಮಾತ್ರ ಇಳಿಯುತ್ತದೆ. ಲಾಭ ಇರೋದು ಅಷ್ಟರಲ್ಲೇ.

ನಾನು ಪೀಣ್ಯದಲ್ಲಿ ಮಿಲ್ಲಿಂಗ್ ಮಷೀನ್ ಮುಂದೆ ನಿಂತು ಕೆಲಸ ಕಲಿತವನು. ಈಗ ಜಪಾನಿನ ನಗೋಯಾದಲ್ಲಿ ಟೂಲಿಂಗ್ ವಿಭಾಗದಲ್ಲಿದ್ದೇನೆ. ಜೊತೆಯಲ್ಲಿ ಕೆಲಸ ಮಾಡುವ ಒಬ್ಬರು ಇಆಯಿದೊ ಕಲಿಯುತ್ತಾರೆ, ಅಂದರೆ ಒರೆಯಿಂದ ಕತ್ತಿ ಹಿರಿದು ಬೀಸುವ ವಿದ್ಯೆ. ಅವರು ಎಷ್ಟೋ ವರ್ಷ ದುಡ್ಡು ಕೂಡಿಟ್ಟು ನಿಜವಾದ ಕತ್ತಿ ಒಂದನ್ನು ಮಾಡಿಸುತ್ತಿದ್ದರು. ಒಂದು ದಿನ ಊಟದ ಹೊತ್ತಲ್ಲಿ, "ಶನಿವಾರ ಗ್ರೂವ್ ಹಾಕ್ತಾರಂತೆ, ಬರ್ತೀರಾ?" ಅಂದರು. ಬರಲ್ಲ ಅನ್ನೋಕಾಗುತ್ತಾ!

ಮಿನೊ-ಓತಾ ತನಕ ಜೆಆರ್ ರೈಲು, ಅಲ್ಲಿಂದ ನಾಗರಗಾವ ರೈಲ್ವೆಯ ಪುಟ್ಟ ರೈಲು, ಸೆಕಿ ಬಂತು. ಗಿಫು ಪ್ರಾಂತ್ಯದ ಈ ಊರಲ್ಲಿ ಏಳುನೂರು ವರ್ಷಕ್ಕೂ ಹಿಂದಿನಿಂದ ಕತ್ತಿ ಮಾಡುತ್ತಾ ಬಂದಿದ್ದಾರೆ. 1876ರಲ್ಲಿ ಸರ್ಕಾರ ಸಾಮುರಾಯಿಗಳು ಕತ್ತಿ ಕಟ್ಟಿಕೊಂಡು ಓಡಾಡಬಾರದು ಅಂತ ಹುಕುಂ ಹೊರಡಿಸಿದ ಮೇಲೆ ಇಲ್ಲಿನವರು ಹೆಚ್ಚಾಗಿ ಅಡುಗೆಮನೆ ಚಾಕು, ಕತ್ತರಿಗಳ ಕಡೆ ತಿರುಗಿದರು. ಈಗ ಕತ್ತಿ ಮಾಡೋರು ಕೆಲವರಷ್ಟೇ. ಲೈಸೆನ್ಸ್ ಬೇಕೆಂದರೆ ಕನಿಷ್ಠ 5 ವರ್ಷ ಒಬ್ಬ ಗುರುವಿನ ಹತ್ತಿರ ದುಡಿಯಬೇಕು. ಸಿಕ್ಕಮೇಲೂ ತಿಂಗಳಿಗೆ ಉದ್ದ ಕತ್ತಿಯಾದರೆ ಎರಡೇ ಮಾಡಬಹುದು, ಅದಕ್ಕಿಂತ ಹೆಚ್ಚು ಮಾಡುವಂತಿಲ್ಲ.

ಕತ್ತಿ ಮಾಡುವ ಕಮ್ಮಾರರ ಕುಲುಮೆ ಮನೆ ಕತ್ತಲೆಯಾಗಿತ್ತು. ಕಾದ ಕಬ್ಬಿಣದ ಬಣ್ಣ ಸರಿಯಾಗಿ ಕಾಣಬೇಕು ಅಂತ ಬೇಕೆಂದೇ ಹಾಗಿಟ್ಟಿರುತ್ತಾರೆ. ಒಂದು ಮೂಲೆಯಲ್ಲಿ ದೊಡ್ಡ ಪವರ್ ಹ್ಯಾಮರ್ ಕೂಡ ಇತ್ತು. ಹಳೇ ಕಾಲದ ಹಾಗೇ ಎಲ್ಲ ನಡೀಬೇಕು ಅನ್ನೋ ಹಟ ಇವರಿಗಿಲ್ಲ ಅಂತ ಗೊತ್ತಾಗಿ ನನಗೆ ಸಮಾಧಾನವೇ ಆಯಿತು. ಗ್ರೂವ್ ಹಾಕುವ ಮಣೆ ಮಾತ್ರ ಕಿಟಕಿ ಪಕ್ಕದಲ್ಲಿತ್ತು.

ಯುರೋಪಿನ ಕಮ್ಮಾರರು ಈ ಗ್ರೂವನ್ನು ಹೆಚ್ಚಾಗಿ ಅಲಗು ಕೆಂಪಗೆ ಕಾದಿರುವಾಗಲೇ ಬಡಿದು ಕೂರಿಸುತ್ತಿದ್ದರು. ಮೇಲೊಂದು ಕೆಳಗೊಂದು ದುಂಡು ಕಂಬಿ, ನಡುವೆ ಅಲಗು, ಮೇಲಿಂದ ಸುತ್ತಿಗೆ. ಲೋಹ ಎಲ್ಲೂ ಹೋಗೋದಿಲ್ಲ, ಪಕ್ಕಕ್ಕೆ ಸರಿಯುತ್ತದೆ ಅಷ್ಟೇ. ಇಲ್ಲಿ ಹಾಗಲ್ಲ. ತಣ್ಣಗಿರುವ ಉಕ್ಕನ್ನೇ ಕೈಯಿಂದ ಹೆರೆದು ತೆಗೆಯುತ್ತಾರೆ. ಅದೂ ಹದ ಹಾಕಿ, ನೀರಲ್ಲಿ ಅದ್ದಿ ಆದ ಮೇಲೆ. ಹದ ಹಾಕಿದ ಉಕ್ಕಿನ ಮೇಲೆ ಕೈ ಉಪಕರಣ ಓಡುತ್ತಾ ಅಂತ ನನಗೆ ಮೊದಲು ನಂಬಿಕೆ ಬರಲಿಲ್ಲ. ಗುಟ್ಟು ಇರೋದು ಮಣ್ಣಲ್ಲಿ. ಕಾಯಿಸುವ ಮೊದಲು ಅಲಗಿನ ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ ಮಣ್ಣು ಬಳಿದಿರುತ್ತಾರೆ. ನೀರಿಗಿಟ್ಟಾಗ ಬಾಯಿ ತಕ್ಷಣ ತಣ್ಣಗಾಗಿ ಕಲ್ಲಾಗುತ್ತದೆ, ಬೆನ್ನು ನಿಧಾನಕ್ಕೆ ತಣಿದು ಮೆತ್ತಗೇ ಉಳಿಯುತ್ತದೆ. ಗ್ರೂವ್ ಬರೋದು ಆ ಮೆತ್ತನೆ ಭಾಗದಲ್ಲಿ.

ಉಪಕರಣದ ಹೆಸರು ಸೆನ್. ಬಡಗಿಯ ತೋಪಡ ಮರದ ಮೇಲೆ ಮಾಡುವ ಕೆಲಸವನ್ನೇ ಇದು ಕಬ್ಬಿಣದ ಮೇಲೆ ಮಾಡುತ್ತದೆ. ಎರಡು ಕಡೆ ಹಿಡಿ, ನಡುವೆ ಗಟ್ಟಿ ಉಕ್ಕಿನ ಬಾಯಿ. ಅಲಗಿನ ಮೈ ಸಮ ಮಾಡೋಕೆ ಅಗಲ ಬಾಯಿಯ ಸೆನ್ ಇದೆ. ಗ್ರೂವಿಗೆ ಬೇರೆ. ಅದರಲ್ಲಿ ಬಾಯಿ ಒಂದು ಬೆರಳಷ್ಟೂ ಅಗಲ ಇರೋದಿಲ್ಲ, ತುದಿ ದುಂಡಗಿರುತ್ತದೆ. ಗ್ರೂವಿನ ಅಗಲಕ್ಕೆ ತಕ್ಕ ಹಾಗೆ ಒಂದೊಂದು ಸೈಜಿನವನ್ನು ಅವರೇ ಮಾಡಿಕೊಂಡು ಸಾಲಾಗಿ ಇಟ್ಟಿದ್ದರು. ಒಂದೆರಡರ ಮೈಮೇಲೆ ಹಳೇ ಅರದ ಹಲ್ಲುಗಳ ಗುರುತು ಇನ್ನೂ ಕಾಣುತ್ತಿತ್ತು.

ಅಲಗಿನ ಬಾಯಿಗೆ ಬಟ್ಟೆ ಸುತ್ತಿ, ಮಣೆಗೆ ಬೆಣೆ ಹೊಡೆದು ಕೂರಿಸಿದರು. ಎರಡು ಗೆರೆ ಆಗಲೇ ಗೀರಿದ್ದರು. ಮೊದಲ ಸ್ವಲ್ಪ ಹೊತ್ತು ಸಣ್ಣ ಚಾಣ, ಸಣ್ಣ ಸುತ್ತಿಗೆ, ಟಿಕ್ ಟಿಕ್ ಟಿಕ್. ಸೆನ್ ಅಡ್ಡಾದಿಡ್ಡಿ ಓಡದೆ ಇರಲಿ ಅಂತ ಒಂದು ಜಾಡು ಬೇಕು, ಅದಕ್ಕೆ. ಆಮೇಲೆ ಎರಡು ಹನಿ ಎಣ್ಣೆ ಬಿಟ್ಟು ಸೆನ್ ಹಿಡಿದು ಮುಂದಕ್ಕೆ ತಳ್ಳಿದರು. ಕೂದಲಿನಂಥ ಉಕ್ಕಿನ ಎಳೆ ಸುರುಳಿ ಸುತ್ತಿಕೊಂಡು ಎದ್ದು ಬಂತು. ಅವರು ತೋಳಿಂದ ತಳ್ಳುತ್ತಿರಲಿಲ್ಲ, ಸೊಂಟದಿಂದ ತಳ್ಳುತ್ತಿದ್ದರು.

ಒಂದು ಕಡೆ ಸ್ವಲ್ಪ ಹೆರೆದು ಅಲಗು ಮಗುಚುತ್ತಾರೆ, ಇನ್ನೊಂದು ಕಡೆ ಅಷ್ಟೇ ಹೆರೆಯುತ್ತಾರೆ. ಒಂದೇ ಕಡೆ ಪೂರ್ತಿ ತೆಗೆದರೆ ಒಳಗಿನ ಬಿಗಿ ಸಡಿಲಾಗಿ ಅಲಗು ಪಕ್ಕಕ್ಕೆ ಬಾಗುತ್ತದಂತೆ. ಈ ಕಾಯಿಲೆ ನಮ್ಮ ಮಷೀನ್ ಶಾಪಿನಲ್ಲೂ ದಿನಾ ನೋಡೋದೇ. ಇನ್ನೊಂದು ಭಯ ಬೇರೆ ಇದೆ. ಕಾಯಿಸಿ ಮಡಿಸಿ ಬೆಸೆದ ಉಕ್ಕು ಇದು, ಎಲ್ಲೋ ಒಂದು ಮಡಿಕೆ ಸರಿಯಾಗಿ ಕೂಡಿಲ್ಲದಿದ್ದರೆ ಹೆರೆಯುತ್ತಾ ಹೋದ ಹಾಗೆ ಕಪ್ಪು ಗೆರೆಯಾಗಿ ಮೇಲೆ ಬರುತ್ತದೆ. ಉಲ್ಟಾ ದಾರಿಯೂ ಉಂಟು. ಹಳೇ ಕತ್ತಿಗಳಲ್ಲಿ ಮೇಲೆ ಕಾಣುವ ದೋಷ ತೆಗೆಯೋಕೆ ಎಷ್ಟೋ ಕಾಲದ ಮೇಲೆ ಗ್ರೂವ್ ಹಾಕಿಸಿರೋದುಂಟು. ಇದನ್ನು ಕೇಳಿದ ಮೇಲೆ ಮ್ಯೂಸಿಯಂ ಕತ್ತಿಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡೋದು.

ನಡುವೆ ಒಮ್ಮೆ ಸೆನ್ ಕಟಕಟ ಅಂತ ಕುಣಿಯಿತು. ಚಾಟರ್! ಗ್ರೂವಿನ ತಳದಲ್ಲಿ ಅಡ್ಡಡ್ಡ ಅಲೆ ಎದ್ದಿತ್ತು. ಅದರ ಮೇಲೇ ಮತ್ತೆ ತಳ್ಳಿದರೆ ಅಲೆ ಇನ್ನೂ ಆಳವಾಗುತ್ತದೆ. ಅವರು ಹಿಡಿಯನ್ನು ಚೂರು ಓರೆ ಮಾಡಿ, ಭಾರ ಕಮ್ಮಿ ಮಾಡಿ, ಅಲೆಗಳನ್ನು ಕೋನದಲ್ಲಿ ದಾಟಿಸಿಕೊಂಡು ಹೋದರು. ನಾಲ್ಕಾರು ಸಲಕ್ಕೆ ಅಲೆ ಮಾಯ. ನಾವಾದರೆ ಮಷೀನಿನ ಸ್ಪೀಡ್ ಇಳಿಸುತ್ತೇವೆ, ಫೀಡ್ (ಕಟರ್ ಮುಂದೆ ಸರಿಯುವ ವೇಗ) ಬದಲಾಯಿಸುತ್ತೇವೆ. ಇಲ್ಲಿ ಎಲ್ಲಾ ಮಣಿಕಟ್ಟಲ್ಲೇ.

ಮೈಲ್ಡ್ ಸ್ಟೀಲಿನ ಒಂದು ಪಟ್ಟಿ ಕೊಟ್ಟು ನನಗೂ ನೋಡಿ ಅಂದರು. ಬಾಯಿಯ ಕೋನ ಒಂದು ಕೂದಲಷ್ಟು ಎತ್ತಿದರೆ ಕಚ್ಚಿ ನಿಲ್ಲುತ್ತದೆ, ಇಳಿಸಿದರೆ ಸುಮ್ನೆ ಜಾರುತ್ತದೆ. ಸಿಕ್ಕ ಕೋನದಲ್ಲಿ ಒಂದು ಗೇಣು ಓಡಿತು ನೋಡಿ, ಆ ಖುಷಿಯೇ ಬೇರೆ. ಮರುದಿನ ಭುಜ ಎತ್ತೋಕಾಗಲಿಲ್ಲ.

ನಾನು ಕಳಿಸಿದ ವಿಡಿಯೋ ನೋಡಿ ಬೆಂಗಳೂರಿನಿಂದ ಭಾವ ಫೋನ್ ಮಾಡಿದ. ಅವನದು ಫ್ಯಾಬ್ರಿಕೇಷನ್ ಶಾಪು. "ದುಂಡು ತುದಿಯ ಬಾಲ್ ನೋಸ್ ಕಟರ್ ಹಾಕಿ ಮಿಲ್ಲಿಂಗಲ್ಲಿ ಬಿಟ್ರೆ ಹತ್ತು ನಿಮಿಷ. ಇಷ್ಟೊತ್ತು ಯಾಕೋ ಒದ್ದಾಡ್ತಾರೆ?"

"ಎಲ್ಲಿ ಕ್ಲಾಂಪ್ ಮಾಡ್ತೀಯ ಭಾವ?" ಅಂದೆ.

ಆ ಅಲಗಿನಲ್ಲಿ ಎಲ್ಲೂ ಒಂದು ಚಪ್ಪಟೆ ಮೈ ಇಲ್ಲ. ಬಿಲ್ಲಿನ ಹಾಗೆ ಬಾಗಿದೆ, ಬುಡದಿಂದ ತುದಿಗೆ ಅಗಲ ಕಮ್ಮಿಯಾಗುತ್ತಾ ಹೋಗುತ್ತದೆ, ದಪ್ಪವೂ ಕಮ್ಮಿಯಾಗುತ್ತಾ ಹೋಗುತ್ತದೆ, ಅದಕ್ಕೆ ಸರಿಯಾಗಿ ಗ್ರೂವೂ ಸಣ್ಣಗಾಗುತ್ತಾ ಹೋಗಬೇಕು, ಬೆನ್ನಿಗೂ ಗ್ರೂವಿಗೂ ನಡುವೆ ಉಳಿಯುವ ಏಣು ಎಲ್ಲೂ ಸೊಟ್ಟ ಕಾಣಬಾರದು. ಒಂದೇ ಥರದ ನೂರು ಪೀಸ್ ಇದ್ದರೆ ಪೀಸನ್ನು ಹಿಡಿದಿಡೋ ಫಿಕ್ಸ್ಚರ್ ಮಾಡಬಹುದು, ಪ್ರೋಗ್ರಾಂ ಬರೀಬಹುದು. ಕೈಯಲ್ಲಿ ಬಡಿದ ಎರಡು ಅಲಗು ಒಂದೇ ಥರ ಇರೋದಿಲ್ಲ. ಒಂದು ಪೀಸಿಗೆ ಸೆಟಪ್ ಮಾಡೋ ಹೊತ್ತಲ್ಲಿ ಇವರು ಅರ್ಧ ಗ್ರೂವ್ ಹೆರೆದಿರುತ್ತಾರೆ. ಅದರ ಮೇಲೆ ನಯ ಮಾಡೋ ಕೆಲಸ ಬೇರೆ, ಕಿರಿದಾದ ಕಲ್ಲುಗಳಲ್ಲಿ ಉಜ್ಜಿ ಉಜ್ಜಿ. ಅದು ಮಷೀನಲ್ಲಿ ಮಾಡಿದರೂ ತಪ್ಪೋದಿಲ್ಲ.

ಭಾವ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಸೆನ್ ಬಾಯಿಗೆ ಯಾವ ಸ್ಟೀಲು?" ಅಂದ. ಹಳೇ ಅರ ಅಂದೆ. "ಪವರ್ ಹ್ಯಾಕ್ಸಾ ಬ್ಲೇಡ್ ಮುರಿದದ್ದು ನನ್ನ ಹತ್ರ ರಾಶಿ ಬಿದ್ದಿದೆ, ಹೈಸ್ಪೀಡ್ ಸ್ಟೀಲು, ಅದರಲ್ಲಿ ಆಗಲ್ವಾ?" ಆಗುತ್ತೆ, ಬಾಯಿ ಗ್ರೈಂಡ್ ಮಾಡಿ ಎಣ್ಣೆಕಲ್ಲಲ್ಲಿ ಚೆನ್ನಾಗಿ ಮಸೆದುಕೋ ಅಂದೆ. ಹೋದ ವಾರ ಫೋಟೋ ಕಳಿಸಿದ್ದಾನೆ. ಎರಡು ಕಡೆ ಸೈಕಲ್ ಹ್ಯಾಂಡಲ್ ಗ್ರಿಪ್ಪು, ನಡುವೆ ಬ್ಲೇಡ್ ತುಂಡು. ಗೇಟಿನ ಪಟ್ಟಿ ಮೇಲೆ ಗ್ರೂವ್ ಹೆರೆದು ನೋಡ್ತಿದ್ದಾನಂತೆ. ಚಾಟರ್ ಬರ್ತಾ ಇದೆ ಅಂದ.