ಕಿಲ್ಡೋನನ್‌ಗೆ ಹೋಗುವ ಮೊದಲು

ನನ್ನ ಅತ್ತೆ ಹುಟ್ಟಿ ಬೆಳೆದಿದ್ದು ಕೆನಡಾದ ವಿನ್ನಿಪೆಗ್‌ನಲ್ಲಿ. ಅವರ ಹಿರೀಕರು ಸ್ಕಾಟ್ಲೆಂಡಿನ ಉತ್ತರದ ಕಿಲ್ಡೋನನ್ ಕಣಿವೆಯವರು. 1813ರಲ್ಲಿ ಕುರಿ ಸಾಕಣೆಗೆ ಜಾಗ ಬೇಕೆಂದು ಜಮೀನ್ದಾರರು ಅಲ್ಲಿನ ಒಕ್ಕಲುಗಳನ್ನು ಎಬ್ಬಿಸಲು ಹೊರಟಾಗ ಒಂದಷ್ಟು ಜನ ಹಡಗು ಹತ್ತಿ, ಈಗ ವಿನ್ನಿಪೆಗ್ ಇರುವ ರೆಡ್ ರಿವರ್ ನದಿಯ ಕಡೆ ಬಂದರು. ವಿನ್ನಿಪೆಗ್‌ನಲ್ಲಿ ಇವತ್ತಿಗೂ ಕಿಲ್ಡೋನನ್ ಅನ್ನೋ ಹೆಸರಿನ ಬಡಾವಣೆಗಳಿವೆ. ಹೋದ ಬೇಸಿಗೆಯಲ್ಲಿ ಅತ್ತೆಯನ್ನು ಆ ಮೂಲ ಊರಿಗೆ ಕರೆದುಕೊಂಡು ಹೋಗಿದ್ದೆ. ದಾಖಲೆ ಹುಡುಕುವ ಗುಮಾಸ್ತೆ ಕೆಲಸವೂ ಸೊಸೆಯದೇ!

ಮೊದಲನೇ ಮಾತು: ಅರ್ಧಕ್ಕಿಂತ ಜಾಸ್ತಿ ಕೆಲಸ ಮನೆಯಲ್ಲೇ ಮುಗಿಸಿ. ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ಜನನ ಮರಣ ನೋಂದಣಿ ಶುರುವಾಗಿದ್ದು 1855ರಲ್ಲಿ. ಅದಕ್ಕೂ ಹಿಂದಿನದು ಬೇಕೆಂದರೆ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರುಗಳು) ಚರ್ಚುಗಳ ಹಳೇ ರಿಜಿಸ್ಟರುಗಳೇ ಗತಿ. ಎಲ್ಲಕ್ಕಿಂತ ಹಳೆಯದು ಪರ್ತ್‌ಶೈರ್‌ನ ಎರಲ್ ಊರಿನದು, 1553ರದ್ದು. ಕಿಲ್ಡೋನನ್ ಇರುವ ಗುಡ್ಡಗಾಡು ಹೈಲ್ಯಾಂಡ್ಸ್ ಕಡೆ ಅಷ್ಟು ಹಿಂದಕ್ಕೆ ಹೋಗುವ ಆಸೆ ಬೇಡ. ಅಲ್ಲಿನ ಎಷ್ಟೋ ಪ್ಯಾರಿಷ್‌ಗಳ ಪುಸ್ತಕ ಶುರುವಾಗೋದೇ 18ನೇ ಶತಮಾನದ ಕೊನೆಗೆ.

ಈ ದಾಖಲೆಗಳಿರುವ ಸ್ಕಾಟ್‌ಲ್ಯಾಂಡ್ಸ್‌ಪೀಪಲ್ ಅನ್ನೋ ಸರ್ಕಾರಿ ವೆಬ್‌ಸೈಟಿನಲ್ಲಿ ಹೆಸರು ಹುಡುಕೋದು ಪುಕ್ಕಟೆ. ಮೂಲ ಪುಟದ ಚಿತ್ರ ತೆರೆಯೋದಕ್ಕೆ ದುಡ್ಡು. ನಾವು ಹುಡುಕಿದಾಗ ಪುಟಕ್ಕೆ ಒಂದೂವರೆ ಪೌಂಡ್ ಇತ್ತು. ಕಡಿಮೆ ಅನ್ನಿಸುತ್ತೆ, ಅಲ್ವಾ? ನಾನು ಆತುರದಲ್ಲಿ ಒಂದೇ ರಾತ್ರಿ ಎಂಟು ಪುಟ ತೆರೆದೆ. ಎಂಟೂ ಬೇರೆಯವರವು. ಆ ಕಣಿವೆಯಲ್ಲಿ ಯಾರನ್ನು ಕೇಳಿದರೂ ಅಡ್ಡಹೆಸರು ಸದರ್ಲೆಂಡ್, ಗನ್, ಮ್ಯಾಥೆಸನ್. ಗಂಡಸರೆಲ್ಲ ಜಾನ್ ಇಲ್ಲವೇ ವಿಲಿಯಂ. ಆಮೇಲೆ ಬುದ್ಧಿ ಬಂತು. ಎಷ್ಟೋ ಕಡೆ ಹೆಸರಿನ ಪಕ್ಕ ಅವರಿದ್ದ ಹಳ್ಳಿಯ ಹೆಸರೂ ಇರುತ್ತದೆ, ಅದನ್ನು ಹಿಡಿದು ಹೋಗಬೇಕು. ಸ್ಪೆಲ್ಲಿಂಗ್ ನಂಬಬೇಡಿ. ಜನ ಆಡುತ್ತಿದ್ದದ್ದು ಗೇಲಿಕ್ ಭಾಷೆ, ಬರೆದದ್ದು ಇಂಗ್ಲಿಷಿನಲ್ಲಿ. ನಮ್ಮ ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ಎಷ್ಟು ಥರ ಬರೆಯೋದಿಲ್ಲ!

ನಮಗೆ ದಾರಿ ತೋರಿಸಿದ್ದು ಹಡಗು ಹತ್ತಿದವರಲ್ಲ, ಹತ್ತದೇ ಊರಲ್ಲೇ ಉಳಿದ ಅವರ ತಮ್ಮ. ಅವನು ಕರಾವಳಿಯ ಹೆಲ್ಮ್ಸ್‌ಡೇಲ್‌ನಲ್ಲಿ ನೆಲೆಸಿ, 1855 ದಾಟಿದ ಮೇಲೆ ತೀರಿಕೊಂಡಿದ್ದ. ಹಾಗಾಗಿ ಅವನದು ಸರ್ಕಾರಿ ಮರಣ ದಾಖಲೆ. ಅದರಲ್ಲಿ ತಂದೆಯ ಹೆಸರಿನ ಜೊತೆ ತಾಯಿಯ ತವರಿನ ಹೆಸರೂ ಇರುತ್ತದೆ. ನಿಮ್ಮವರೂ ಬೇಗ ದೇಶ ಬಿಟ್ಟಿದ್ದರೆ ಅವರ ಅಣ್ಣ ತಮ್ಮ, ಅಕ್ಕ ತಂಗಿಯರನ್ನು ಹುಡುಕಿ.

ಮಕ್ಕಳ ಹೆಸರೂ ಸುಳಿವು ಕೊಡುತ್ತವೆ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡೋದು ಅಲ್ಲಿನ ಹಳೇ ವಾಡಿಕೆ. ನಮ್ಮಲ್ಲೂ ಅಜ್ಜನ ಹೆಸರು ಮೊಮ್ಮಗನಿಗೆ ಇಡ್ತಾರೆ ಅಂದಾಗ ಅತ್ತೆಗೆ ಬಲು ಖುಷಿ. ಎಲ್ಲರೂ ಪಾಲಿಸುತ್ತಿರಲಿಲ್ಲ, ಅದನ್ನೇ ಸಾಕ್ಷಿ ಅಂದುಕೊಳ್ಳಬೇಡಿ. ಹಳೇ ಚರ್ಚು ರಿಜಿಸ್ಟರಿನ ಮದುವೆಯ ತಾರೀಖಿನಲ್ಲೂ ಎಚ್ಚರ. ಅದು ಎಷ್ಟೋ ಸಲ ಚರ್ಚಿನಲ್ಲಿ ಮದುವೆ ಸಾರಿದ ದಿನ, ಮದುವೆಯಾದ ದಿನವಲ್ಲ. 1855ಕ್ಕೂ ಹಿಂದಿನ ಸಾವಿನ ದಾಖಲೆಯೋ, ಹೆಣದ ಮೇಲೆ ಹೊದಿಸುವ ಬಟ್ಟೆಗೆ ಕೊಟ್ಟ ಬಾಡಿಗೆ ಲೆಕ್ಕ ಸಿಕ್ಕಿದರೆ ಅದೇ ಪುಣ್ಯ.

ಎಡಿನ್‌ಬರೋದಲ್ಲಿ ವೇವರ್ಲಿ ಸ್ಟೇಷನ್ನಿನ ಹತ್ತಿರವೇ ಈ ದಾಖಲೆಗಳನ್ನು ನೋಡಬಹುದಾದ ಸರ್ಕಾರಿ ಕಟ್ಟಡ, ಜನರಲ್ ರಿಜಿಸ್ಟರ್ ಹೌಸ್ ಇದೆ. ಮೊದಲೇ ಸೀಟು ಕಾದಿರಿಸಿ ಒಂದು ದಿನ ಕೂತರೆ ಪುಟಕ್ಕಿಷ್ಟು ಅಂತ ಲೆಕ್ಕ ಹಾಕದೆ ನೋಡಬಹುದು. ಪೇಟೆಯಲ್ಲಿ 'ನಿಮ್ಮ ಕುಲದ ಚೌಕುಳಿ ಬಟ್ಟೆ' ಮಾರುವ ಅಂಗಡಿಗಳು ಕರೆಯುತ್ತವೆ. ಅಡ್ಡಹೆಸರು ಹೇಳಿದರೆ ಸಾಕು, ವಂಶವನ್ನೇ ಕಟ್ಟಿಕೊಡ್ತಾರೆ! ಶಾಲು ಕೊಳ್ಳಿ, ಇತಿಹಾಸ ಕೊಳ್ಳಬೇಡಿ. ಇನ್‌ವರ್ನೆಸ್‌ನ ಹೈಲ್ಯಾಂಡ್ ಆರ್ಕೈವ್ ಸೆಂಟರಿನಲ್ಲೂ ವಂಶಾವಳಿ ಹುಡುಕುವವರಿಗೆ ಸಹಾಯ ಸಿಗುತ್ತದೆ.

ಇನ್‌ವರ್ನೆಸ್‌ನಿಂದ ಉತ್ತರಕ್ಕೆ ಹೋಗುವ ರೈಲು ಹೆಲ್ಮ್ಸ್‌ಡೇಲ್ ದಾಟಿ, ಸಮುದ್ರ ಬಿಟ್ಟು ಕಣಿವೆಗೆ ತಿರುಗುತ್ತದೆ. ದಿನಕ್ಕೆ ಬೆರಳೆಣಿಕೆಯಷ್ಟೇ ರೈಲು. ಕಿಲ್ಡೋನನ್‌ನಲ್ಲಿ ಇಳಿಯಬೇಕಾದರೆ ಗಾರ್ಡ್‌ಗೆ ಮೊದಲೇ ಹೇಳಿ, ಇಲ್ಲದಿದ್ದರೆ ನಿಲ್ಲೋದಿಲ್ಲ. ಊಟ, ನೀರು, ಮಳೆಕೋಟು ಜೊತೆಗಿರಲಿ. ಬೇಸಿಗೆಯಲ್ಲಿ ಮಿಡ್ಜ್ ಅನ್ನೋ ನುಸಿ ಮುಖ ಬಿಡೋದಿಲ್ಲ.

ಹಳೇ ಚರ್ಚಿನ ಅಂಗಳದಲ್ಲಿ ಅತ್ತೆ ಒಂದೊಂದೇ ಸಮಾಧಿ ಕಲ್ಲು ಓದುತ್ತಾ ಹೋದರು. ಪಾಚಿ ಕೆರೆಯಬೇಡಿ, ಅಕ್ಷರವೇ ಉದುರುತ್ತದೆ. ಟಾರ್ಚನ್ನು ಪಕ್ಕದಿಂದ ಹಿಡಿದರೆ ಓದಬಹುದು. ಅವರ ಮನೆತನದ ಕಲ್ಲು ಸಿಗಲಿಲ್ಲ. ಕಲ್ಲು ಹಾಕಿಸುವಷ್ಟು ದುಡ್ಡು ಒಕ್ಕಲುಗಳ ಹತ್ತಿರ ಎಲ್ಲಿತ್ತು? ಅತ್ತೆ ಬೇಜಾರು ಮಾಡಿಕೊಳ್ಳಲಿಲ್ಲ. ಚೀಲದಿಂದ ಆ ತಮ್ಮನ ಮರಣ ದಾಖಲೆಯ ಪ್ರತಿ ತೆಗೆದು, ತಾಯಿಯ ಹೆಸರನ್ನು ಗಟ್ಟಿಯಾಗಿ ಓದಿದರು. ರೈಲಿಗೆ ಇನ್ನೂ ಎರಡು ಗಂಟೆಯಿತ್ತು.